ರಜೆ ಎಷ್ಟು ದಿನ? ಉತ್ತರ ಬೆಂಗಳೂರಿನ ಲ್ಯಾಬಿನಲ್ಲಿದೆ

ಶುಕ್ರವಾರ ಸಂಜೆ ಖುರುಮ್ ಪಾರ್ಕಿನಲ್ಲಿ ನಾವು ನಾಲ್ಕೈದು ಕನ್ನಡ ಕುಟುಂಬಗಳು ಸೇರುವುದು ರೂಢಿ. ಚುರುಮುರಿ, ಚಹಾ, ಊರಿನ ಸುದ್ದಿ. ಈಚೆಗೊಂದು ಶುಕ್ರವಾರ ಗೆಳೆಯರೊಬ್ಬರು ಮಾತಿಲ್ಲದೆ ಕೂತಿದ್ದರು. ಊರಿನಲ್ಲಿರುವ ಪತ್ನಿಗೆ ಸ್ತನ ಕ್ಯಾನ್ಸರ್. ಗಂಟು ಕಂಡು ಐದು ತಿಂಗಳಾಗಿತ್ತಂತೆ. ದಿನವೂ ವಿಡಿಯೊ ಕಾಲ್ ಇದ್ದರೂ, 'ಅವರು ಅಲ್ಲಿ ಒಬ್ಬರೇ, ಯಾಕೆ ಚಿಂತೆ ಕೊಡುವುದು' ಎಂದು ಆಕೆ ಹೇಳಿರಲಿಲ್ಲ. ಸಂಬಳ ತಡವಾದದ್ದನ್ನು ನಾವು ಮನೆಯವರಿಂದ ಮುಚ್ಚಿಡುವುದಿಲ್ಲವೇ, ಹಾಗೆ.

ಆಪರೇಷನ್ ಮುಗಿದಿದೆ. ಕಿಮೊಥೆರಪಿ ಬೇಕೆಂದರೆ ಅವರು ತಿಂಗಳುಗಟ್ಟಲೆ ಸಂಬಳವಿಲ್ಲದ ರಜೆ ಹಾಕಬೇಕು. ಬೇಡವೆಂದರೆ ವರ್ಷದ 30 ದಿನವೇ ಸಾಕು. ಅದನ್ನು ತೀರ್ಮಾನಿಸಲು ಡಾಕ್ಟರು 'ಕ್ಯಾನ್‌ಅಸಿಸ್ಟ್ ಬ್ರೆಸ್ಟ್' ಎಂಬ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಏನದು ಎಂದು ಆ ರಾತ್ರಿ ಓದುತ್ತ ಕೂತೆವು.

ಇದು ಡಾ. ಮಂಜಿರಿ ಬಾಕ್ರೆ 2011ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಆಂಕೋಸ್ಟೆಮ್ ಕಂಪನಿಯ ಪರೀಕ್ಷೆ. ಹಿಂದೆ ಅವರು ಐಐಎಸ್‌ಸಿಯ ಪ್ರೊ. ಸಂಧ್ಯಾ ವಿಶ್ವೇಶ್ವರಯ್ಯ ಅವರ ಜೊತೆ, ಅತಿಸಾರ ತರುವ ಬ್ಯಾಕ್ಟೀರಿಯಾದ ವಿಷ ಕರುಳಿನ ಜೀವಕೋಶದಲ್ಲಿ ಏನು ಮಾಡುತ್ತದೆ ಎಂಬ ಸಂಶೋಧನೆ ಮಾಡಿದವರು. ನಾರ್ವೆಯ ಒಂದೇ ಕುಟುಂಬದ 32 ಮಂದಿಯ ಅತಿಸಾರಕ್ಕೆ ಜೀನ್ ದೋಷ ಕಾರಣವೆಂದು 2012ರಲ್ಲಿ ತೋರಿಸಿದ ತಂಡದಲ್ಲಿ ಸಂಧ್ಯಾ ಅವರೂ ಇದ್ದರು. ಲ್ಯಾಬಿನ ತಿಳಿವಳಿಕೆಯನ್ನು ರೋಗಿಯ ಹಾಸಿಗೆವರೆಗೆ ಮುಟ್ಟಿಸುವ ಇಂಥ ಕೆಲಸಕ್ಕೆ ಟ್ರಾನ್ಸ್‌ಲೇಷನಲ್ ಮೆಡಿಸಿನ್ ಎನ್ನುತ್ತಾರೆ.

ಪರೀಕ್ಷೆ ಹೀಗೆ: ತೆಗೆದ ಗಡ್ಡೆಯ ಚೂರಿನಲ್ಲಿ ಐದು ಪ್ರೋಟೀನ್‌ಗಳನ್ನು ನೋಡುತ್ತಾರೆ. ಗಡ್ಡೆಯ ಗಾತ್ರ, ಅದರ ಗ್ರೇಡ್, ಕಂಕುಳ ಗ್ರಂಥಿಗೆ ಹರಡಿದೆಯೇ ಎಂಬುದನ್ನು ಸೇರಿಸಿ ಒಂದು ಅಂಕ ಕೊಡುತ್ತಾರೆ. 15.5 ದಾಟದಿದ್ದರೆ ಮುಂದಿನ ಐದು ವರ್ಷದಲ್ಲಿ ರೋಗ ಮರುಕಳಿಸುವ ಅಪಾಯ ಕಡಿಮೆ; ಅಂಥವರಲ್ಲಿ ಹಲವರಿಗೆ ಕಿಮೊ ಬೇಡವೆಂದು ಡಾಕ್ಟರು ಹೇಳಬಹುದು. 21 ಜೀನ್ ನೋಡುವ ಅಮೆರಿಕದ ಪರೀಕ್ಷೆಯೂ ಇದೆ, ಬೆಲೆ ಮಾತ್ರ ಲಕ್ಷಗಳಲ್ಲಿ. ಒಂದು ಮಾತು ನೆನಪಿರಲಿ: ಇದು ಎಲ್ಲರಿಗೂ ಅಲ್ಲ. ಆರಂಭಿಕ ಹಂತದ, ಹಾರ್ಮೋನ್ ಪಾಸಿಟಿವ್, ಹರ್2 ನೆಗೆಟಿವ್ ಕ್ಯಾನ್ಸರಿಗೆ ಮಾತ್ರ.

ನಮ್ಮ ಲೆಕ್ಕಪತ್ರದ ಐಎಎಸ್ 38 ನಿಯಮದ ಪ್ರಕಾರ ಸಂಶೋಧನೆಗೆ ಸುರಿದ ದುಡ್ಡನ್ನು ಆಸ್ತಿ ಎಂದು ತೋರಿಸುವಂತಿಲ್ಲ, ಖರ್ಚೆಂದೇ ಬರೆಯಬೇಕು. ಎಷ್ಟೋ ಪುಸ್ತಕಗಳಲ್ಲಿ ಹಾಗೆ ಬರೆದು ಮರೆತಿದ್ದೇವೆ. ಆ ಖರ್ಚು ಯಾರ ಮನೆ ಬಾಗಿಲಿಗೆ ಹೋಗಿ ಮುಟ್ಟುತ್ತದೆ ಎಂದು ಯೋಚಿಸಿರಲಿಲ್ಲ.

ಸಂಕೋಚದಿಂದ ತಪಾಸಣೆಯನ್ನೇ ಮುಂದೂಡುವವರಿಗಾಗಿ ಬೆಂಗಳೂರಿನ ಗೀತಾ ಮಂಜುನಾಥ್ 2016ರಲ್ಲಿ 'ನಿರಾಮೈ' ಆರಂಭಿಸಿದರು. ಮುಟ್ಟದೆ, ಎಕ್ಸ್‌ರೇ ಇಲ್ಲದೆ, ಎದೆಯ ಮೇಲಿನ ಶಾಖವನ್ನು ಕ್ಯಾಮೆರಾ ಅಳೆಯುತ್ತದೆ. ಅದನ್ನು ಓದುವುದು ಕಂಪ್ಯೂಟರ್. ಅನುಮಾನ ಬಂದರೆ ಮ್ಯಾಮೊಗ್ರಾಂ, ಬಯಾಪ್ಸಿ ಆಗಲೇಬೇಕು.

ಇಲ್ಲೇ ಆಪರೇಷನ್ ಮಾಡಿಸಿ ಊರಿಗೆ ಹೊರಡುವವರು ವರದಿಯ ಜೊತೆ ಗಡ್ಡೆಯ ಮೇಣದ ಬ್ಲಾಕನ್ನೂ ಆಸ್ಪತ್ರೆಯಿಂದ ಕೇಳಿ ಪಡೆಯಿರಿ. ಪರೀಕ್ಷೆ ನಡೆಯುವುದು ಅದರ ಮೇಲೆಯೇ. ಗೆಳೆಯರ ಪತ್ನಿಯ ಬ್ಲಾಕ್ ಬೆಂಗಳೂರಿಗೆ ಹೋಗಿದೆ. ಅವರು ರಜೆ ಅರ್ಜಿ ತುಂಬಿಟ್ಟಿದ್ದಾರೆ, ವಾಪಸು ಬರುವ ತಾರೀಖೊಂದನ್ನು ಬಿಟ್ಟು.