ಬಾರದ ಅಂಕೆ

ನಮ್ಮ ತಂದೆಯವರು ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ರಟ್ಟು ಹರಿದ ಒಂದು ಲೆಕ್ಕದ ಪುಸ್ತಕ ದೊರೆಯಿತು. ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಷೇಧವಾಗುವವರೆಗೂ, ಬಹುಮಾನ ಬಂದ ಸಂಖ್ಯೆಗಳ ಕೊನೆಯ ಅಂಕೆಯನ್ನು ಅವರು ಅದರಲ್ಲಿ ತಪ್ಪದೆ ಬರೆದಿಡುತ್ತಿದ್ದರು. ಇಪ್ಪತ್ತು ಸಲ 7 ಬಾರದೆ ಹೋಯಿತೆಂದರೆ, "ಇನ್ನು ಬಂದೇ ತೀರಬೇಕು ಕಣೊ, ಎಷ್ಟು ದಿನ ಅಡಗಿದ್ದೀತು?" ಎನ್ನುವರು. ಆ ವಾರ ಎರಡು ಚೀಟಿಗೆ ಬದಲು ಹತ್ತು ಬರುತ್ತಿದ್ದವು. ಮನೆಗೆ ಎಣ್ಣೆ ಬರುತ್ತಿರಲಿಲ್ಲ. ತಾಯಿ ಮಾತಾಡುತ್ತಿರಲಿಲ್ಲ. ಗಣಿತದ ಮೇಷ್ಟರಾದ ನಾನೂ ಎದುರಾಡಲಿಲ್ಲ. ನಿಜ ಹೇಳಬೇಕೆಂದರೆ, ಅವರ ಮಾತಿನಲ್ಲಿ ಏನೋ ನ್ಯಾಯವಿದೆಯೆಂದು ನನ್ನ ಮನಸ್ಸೂ ಒಳಗೊಳಗೆ ಒಪ್ಪಿತ್ತು.

ಮೊನ್ನೆ ಆ ಋಣವನ್ನು ತೀರಿಸಲು ಕುಳಿತೆ. ಪೈಥಾನ್ ಭಾಷೆಯಲ್ಲಿ ಹತ್ತು ಸಾಲಿನ ಒಂದು ಕ್ರಮವಿಧಿಯನ್ನು ಬರೆದೆ. ಸೊನ್ನೆಯಿಂದ ಒಂಬತ್ತರವರೆಗಿನ ಒಂದು ಅಂಕೆಯನ್ನು ಗಣಕಯಂತ್ರ ಹತ್ತು ಲಕ್ಷ ಬಾರಿ ಎತ್ತಬೇಕು. ಹಿಂದಿನ ಇಪ್ಪತ್ತು ಸರದಿಗಳಲ್ಲಿ 7 ಕಾಣದಿದ್ದಾಗಲೆಲ್ಲ, ಮುಂದಿನದು 7 ಹೌದೋ ಅಲ್ಲವೋ ಎಂದು ಗುರುತಿಡಬೇಕು. ತಂದೆಯವರು ವರ್ಷಗಟ್ಟಲೆ ಕಾದದ್ದನ್ನು ಯಂತ್ರ ಕೆಲವೇ ಕ್ಷಣಗಳಲ್ಲಿ ಮುಗಿಸಿತು. ಅಂಥ ಸಂದರ್ಭ ಸುಮಾರು 1,21,000 ಸಲ ಒದಗಿತ್ತು. ಮರುಸರದಿಗೆ 7 ಬಂದದ್ದು ಸುಮಾರು 12,000 ಸಲ. ಎಂದರೆ ಹತ್ತರಲ್ಲಿ ಒಂದು. ಇಪ್ಪತ್ತು ಸಲ ಅಡಗಿದ ಅಂಕೆಗೂ ಈಗತಾನೆ ಬಂದುಹೋದ ಅಂಕೆಗೂ ಏನೊಂದು ಭೇದವೂ ಇಲ್ಲ! ಇಪ್ಪತ್ತು ಸಲ ಬಾರದಿರುವುದೂ ಅಪೂರ್ವವೇನಲ್ಲ. ಇಪ್ಪತ್ತು 0.9ಗಳನ್ನು ಒಂದಕ್ಕೊಂದು ಗುಣಿಸಿದರೆ ಉಳಿಯುವುದು 0.12, ಎಂಟರಲ್ಲಿ ಒಂದು ಸಲ ಹಾಗಾಗುವುದೇ ಸಹಜ.

ಯಂತ್ರದ ಅದೃಷ್ಟವೂ ಒಂದು ನಟನೆಯೆಂಬುದನ್ನು ಇಲ್ಲಿ ಹೇಳಬೇಕು. ಪೈಥಾನ್ ಬಳಸುವುದು 1997ರಲ್ಲಿ ಜಪಾನಿನ ಮತ್ಸುಮೊಟೊ, ನಿಶಿಮುರಾ ಎಂಬ ಇಬ್ಬರು ವಿದ್ವಾಂಸರು ರಚಿಸಿದ 'ಮರ್ಸೆನ್ ಟ್ವಿಸ್ಟರ್' ಎಂಬ ಸೂತ್ರವನ್ನು. ಒಂದೇ ಬೀಜಸಂಖ್ಯೆಯನ್ನು ಕೊಟ್ಟರೆ ಅದೇ ಸಾಲು ಮರಳಿ ಬರುತ್ತದೆ. ಅದು ಕೊಟ್ಟ 624 ಸಂಖ್ಯೆಗಳನ್ನು ಪೂರ್ತಿಯಾಗಿ ಕಂಡವನು ಮುಂದಿನವನ್ನೆಲ್ಲ ಲೆಕ್ಕಹಾಕಿ ಹೇಳಬಲ್ಲ. ಆದುದರಿಂದ ಹಣದ ಲಾಟರಿಗೆ ಅದು ಸಲ್ಲದು. ನನ್ನ ಪರೀಕ್ಷೆಗೆ ಸಾಕು.

ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ 7ರ ಕೆಳಗೆ ಎರಡು ಗೆರೆ ಎಳೆದಿದೆ. ಎಲ್ಲವನ್ನೂ ನೆನಪಿಟ್ಟದ್ದು ಆ ಪುಸ್ತಕವೊಂದೇ; ತಿರುಗುವ ಚಕ್ರಕ್ಕೆ ಹಿಂದಿನ ವಾರದ ನೆನಪೆಲ್ಲಿಯದು? ಇದನ್ನು ಅವರಿದ್ದಾಗಲೇ ಹೇಳಿದ್ದರೆ ನಂಬುತ್ತಿದ್ದರೋ ಇಲ್ಲವೋ, ತಾಯಿಯ ಪರವಾಗಿ ಒಂದು ಮಾತನ್ನಾದರೂ ಆಡಿದಂತಾಗುತ್ತಿತ್ತು. ಈಗ ಹತ್ತನೆಯ ತರಗತಿಯ ಮಕ್ಕಳಿಗೆ ಸಂಭವನೀಯತೆಯ ಪಾಠ ಮಾಡುವ ದಿನ ಆ ಪುಸ್ತಕವನ್ನೇ ಒಯ್ಯುತ್ತೇನೆ. ಹತ್ತು ಸಾಲನ್ನು ಮಕ್ಕಳೇ ಬರೆಯುತ್ತಾರೆ.