ರಾಮನಗುಳಿಯಿಂದ ಮರುಭೂಮಿಗೆ ಒಂದೇ ರಸ್ತೆ

ರಾಮನಗುಳಿಯಲ್ಲಿ ನಿಂತು ಹುಬ್ಬಳ್ಳಿ ಬಸ್ಸಿಗೆ ಕೈ ಮಾಡುವವರ ಕಾಲ ಬುಡದಲ್ಲಿರುವುದು 52ನೇ ರಾಷ್ಟ್ರೀಯ ಹೆದ್ದಾರಿ. ಇದರ ಒಂದು ತುದಿ ಅಂಕೋಲೆ, ಇನ್ನೊಂದು ತುದಿ ಪಂಜಾಬಿನ ಸಂಗ್ರೂರ್! ಉದ್ದ ಸುಮಾರು 2,300 ಕಿ.ಮೀ. ನಮ್ಮ ರಾಜ್ಯದ ಕರಾವಳಿ 320 ಕಿ.ಮೀ.; ಅಂಥ ಏಳು ಕರಾವಳಿಗಳನ್ನು ಸಾಲಾಗಿ ಜೋಡಿಸಿದರೂ ಈ ರಸ್ತೆಗೆ ಸಾಲದು. ಇದೇ ರಸ್ತೆಯನ್ನು ಹದಿನೇಳೂವರೆ ಸಲ ಓಡಿದರೆ ಭೂಮಿಗೆ ಒಂದು ಸುತ್ತು ಮುಗಿಯುತ್ತದೆ.

ಮಲಗಲು ಹಾಸಿಗೆ, ಗ್ಯಾಸ್ ಒಲೆ, 100 ಲೀಟರಿನ ನೀರಿನ ಟ್ಯಾಂಕು ಇರುವ ಒಂದು ಕ್ಯಾರವಾನ್ ಹತ್ತಿ ಹೊರಡಿ. ದಿನಕ್ಕೆ 300 ಕಿ.ಮೀ. ಲೆಕ್ಕ ಹಾಕಿದರೆ ಎಂಟು ದಿನದ ಹಾದಿ. ಮೊದಲ ದಿನವೇ ಅರಬೈಲ್ ಘಟ್ಟ. ಗಂಗಾವಳಿಯ ಬದಿಯಿಂದ ಮೇಲೆದ್ದ ಗಾಡಿ ಯಲ್ಲಾಪುರ ಮುಟ್ಟುವಾಗ ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದಲ್ಲಿರುತ್ತದೆ. ಏಳು ಕುತುಬ್ ಮಿನಾರ್‌ಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು! ಬೆಳಿಗ್ಗೆ ಅಂಕೋಲೆಯಲ್ಲಿ ಚಹ ಕುಡಿದವರು ಮಧ್ಯಾಹ್ನದ ಊಟಕ್ಕೆ ಮೊದಲೇ ಇಷ್ಟು ಏರಿ ಮುಗಿಸಿರುತ್ತಾರೆ.

ಇನ್ನು ಮಳೆ. ಘಟ್ಟದ ಬುಡದ ಈ ಸೀಮೆಗೆ ವರ್ಷಕ್ಕೆ 3,000 ಮಿ.ಮೀ. ಮೀರಿ ಸುರಿಯುತ್ತದೆ. ಒಂದೇ ಒಂದು ಎಕರೆ ಅಡಿಕೆ ತೋಟದ ಮೇಲೆ ಬಿದ್ದ ನೀರನ್ನು ಅಳೆದರೂ 1 ಕೋಟಿ 21 ಲಕ್ಷ ಲೀಟರ್! ತೂಕ 12,000 ಟನ್ ದಾಟುತ್ತದೆ. ನಾಲ್ಕು ಟನ್ನಿನ ಆನೆಗಳಾದರೆ ಮೂರು ಸಾವಿರ. ಸೋಗೆಯ ಅಂಚಿನಿಂದ ಹನಿಹನಿಯಾಗಿ ಇಳಿದು, ಕೊನೆಗಳಿಗೆ ಕಟ್ಟಿದ ಕೊಟ್ಟೆಗಳನ್ನು ತೋಯಿಸಿ, ಕಾಲುವೆ ಸೇರುವ ನೀರು ಇದು. ಇದರಿಂದ ಕ್ಯಾರವಾನಿನ ಟ್ಯಾಂಕು ತುಂಬಿಸಿ, ದಿನಕ್ಕೊಂದು ಟ್ಯಾಂಕು ಖಾಲಿ ಮಾಡುತ್ತ ಹೋದರೆ ಮುಗಿಯಲು 332 ವರ್ಷ ಬೇಕು. ಒಂದು ಎಕರೆಯ, ಒಂದು ವರ್ಷದ ಮಳೆಗೆ!

ವಿಜಯಪುರದಿಂದ ಮುಂದೆ ನೆಲವೇ ಬೇರೆ. ಕಪ್ಪುಕಲ್ಲು ಶುರುವಾದರೆ ರಾಜಸ್ಥಾನದ ಝಾಲಾವಾಡದ ಸುತ್ತಮುತ್ತ ತನಕ, ಸಾವಿರ ಕಿ.ಮೀ.ಗೂ ಹೆಚ್ಚು, ಮೂರು ದಿನಕ್ಕೂ ಮೀರಿ ನೀವು ಓಡುವುದು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾದ ಮೇಲೆ. ಭೀಮೆ, ಗೋದಾವರಿ, ತಾಪಿ, ನರ್ಮದೆಗಳನ್ನು ದಾಟಿದರೂ ಅದು ಮುಗಿಯುವುದಿಲ್ಲ. ಇಂದು ಉಳಿದಿರುವ ಈ ಲಾವಾ ನೆಲ 5 ಲಕ್ಷ ಚದರ ಕಿ.ಮೀ., ಅಂದರೆ ಎರಡೂವರೆ ಕರ್ನಾಟಕ. ಹೊರಬಂದ ಲಾವಾ ಕಡಿಮೆಯೆಂದರೂ 5 ಲಕ್ಷ ಘನ ಕಿ.ಮೀ. ಎಂಬ ಅಂದಾಜಿದೆ. ಕರ್ನಾಟಕವನ್ನು ಸಮುದ್ರಮಟ್ಟದ ಬಯಲೆಂದು ಭಾವಿಸಿ ಅಷ್ಟನ್ನೂ ಹರಡಿದರೆ ದಪ್ಪ ಎರಡೂವರೆ ಕಿ.ಮೀ. ಮೀರುತ್ತದೆ, ಮುಳ್ಳಯ್ಯನಗಿರಿಯ ನೆತ್ತಿಯ ಮೇಲೂ ಅರ್ಧ ಕಿ.ಮೀ. ಕಲ್ಲು!

ಚಂಬಲ್ ದಾಟಿ, ಅರಾವಳಿಯ ಬೆಟ್ಟಸಾಲು ಹಾದು, ಜೈಪುರ, ಸೀಕರ್ ಕಳೆದರೆ ಚೂರು. ಇದು ಥಾರ್ ಮರುಭೂಮಿಯ ಹೆಬ್ಬಾಗಿಲು. ಚಳಿಗಾಲದ ರಾತ್ರಿ ಸೊನ್ನೆಗಿಂತ ಕೆಳಗಿಳಿಯುವ ಈ ಊರಿನಲ್ಲಿ 2024ರ ಮೇ 28ರಂದು 50.5 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ವರ್ಷದ ಮಳೆ 400 ಮಿ.ಮೀ. ಆಸುಪಾಸು. ಇಡೀ ವರ್ಷದಲ್ಲಿ ಇಲ್ಲಿ ಬೀಳುವಷ್ಟನ್ನು ಆಷಾಢದ ಒಂದು ಜಡಿಮಳೆಯ ವಾರದಲ್ಲೇ ಕಂಡವರು ನಮ್ಮ ಘಟ್ಟದ ಕೆಳಗೆ ಬೇಕಾದಷ್ಟಿದ್ದಾರೆ. ಆದರೂ ಎರಡೂ ಕಡೆ ಮೈಲುಗಲ್ಲಿನ ಮೇಲೆ ಕಾಣುವುದು ಒಂದೇ ಸಂಖ್ಯೆ, 52. ನನಗಂತೂ ಈ ರಸ್ತೆಯ ಅತಿ ದೊಡ್ಡ ಬೆರಗು ಇದೇ ಎನಿಸಿತ್ತು, ಕಲ್ಲಿನ ವಯಸ್ಸು ಲೆಕ್ಕ ಹಾಕುವವರೆಗೆ.

ಧಾರವಾಡ ಶಿಲೆಗಳೆಂದು ಭೂವಿಜ್ಞಾನಿಗಳು ಕರೆಯುವ ನಮ್ಮ ಕಡೆಯ ಕಲ್ಲಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ಪ್ರಾಯ. ಈ 250 ಕೋಟಿಯನ್ನು ಹೆದ್ದಾರಿಯ ಉದ್ದಕ್ಕೂ ಹಾಸಿಬಿಡೋಣ: ಅಂಕೋಲೆ ಎಂದರೆ ಇವತ್ತು, ಸಂಗ್ರೂರ್ ಎಂದರೆ ಆ ಕಲ್ಲು ಹುಟ್ಟಿದ ಕಾಲ. ಆಗ ಒಂದು ವರ್ಷಕ್ಕೆ ಸಿಗುವ ಜಾಗ ಒಂದು ಮಿಲಿಮೀಟರಿಗಿಂತ ಕಡಿಮೆ! ಹಲ್ಮಿಡಿ ಶಾಸನ ಒಂದೂವರೆ ಮೀಟರ್ ದೂರದಲ್ಲಿ ಸಿಗುತ್ತದೆ. ಮನುಷ್ಯ ಬರೆಯಲು ಕಲಿತ 5,000 ವರ್ಷಗಳೂ ಸೇರಿ ನಾಲ್ಕೂವರೆ ಮೀಟರ್ ಚಿಲ್ಲರೆ. ಆರು ಮೀಟರಿನ ಕ್ಯಾರವಾನಿನ ಉದ್ದದಷ್ಟೂ ಇಲ್ಲ. ನಮ್ಮ ಮನುಷ್ಯಕುಲದ 3 ಲಕ್ಷ ವರ್ಷ 276 ಮೀಟರಿನಲ್ಲಿ ಮುಗಿಯಿತು. ಹಿಮಾಲಯ ತಲೆಯೆತ್ತಲು ತೊಡಗಿದ್ದು 46ನೇ ಕಿ.ಮೀ.ನಲ್ಲಿ. ಡೈನೋಸಾರ್‌ಗಳು ಅಳಿದದ್ದು 61ರಲ್ಲಿ, ಯಲ್ಲಾಪುರ ಬರುವ ಮೊದಲೇ. ಸೊಲ್ಲಾಪುರ ದಾಟಿ ಬೀಡ್ ಕಡೆ ಸಾಗುವಾಗ ಭೂಮಿಯ ಮೊದಮೊದಲ ಪ್ರಾಣಿಗಳೂ ಹಿಂದೆ ಸರಿದವು. ಇನ್ನೂ 1,700 ಕಿ.ಮೀ. ಬಾಕಿ, ಐದೂವರೆ ದಿನದ ದಾರಿ. ಹೆಚ್ಚುಕಡಿಮೆ ಅಷ್ಟುದ್ದಕ್ಕೂ ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳದ್ದೇ ರಾಜ್ಯ.

ಸಂಗ್ರೂರ್ ಬಂತು, ರಸ್ತೆ ಮುಗಿಯಿತು, ಆದರೆ ಭೂಮಿಯ ವಯಸ್ಸು ಮುಗಿದಿಲ್ಲ. ಅದು 454 ಕೋಟಿ ವರ್ಷ. ಅದರ ಹುಟ್ಟುದಿನ ಮುಟ್ಟಬೇಕಾದರೆ ಕ್ಯಾರವಾನ್ ತಿರುಗಿಸಿ, ಬಂದ ದಾರಿಯಲ್ಲೇ ಮತ್ತೆ ಸೊಲ್ಲಾಪುರದವರೆಗೆ ಓಡಿಸಬೇಕು!