ಗಾಡಿ ಎಲ್ಲಿ, ತಾತ ಎಲ್ಲಿ?

ಶಿರಾ ಸಂತೆಗೆ ಕಡಲೆಕಾಯಿ ಹೊತ್ತ ಯಜಮಾನರ ಎತ್ತಿನ ಗಾಡಿ, ಅವರು ತೀರಿಕೊಂಡ ಮೇಲೆ ಮದಲೂರಿನ ನಮ್ಮ ಹಿತ್ತಿಲಲ್ಲೇ ನಿಂತಿತ್ತು. ಗೆದ್ದಲು ಹತ್ತಿತೆಂದು ಕಳೆದ ಬೇಸಿಗೆಯಲ್ಲಿ ಬಿಚ್ಚಿಸಿದೆವು. ಚಕ್ರ ಗೋಡೆಗೆ ಒರಗಿತು, ನೊಗ ಜಗಲಿಗೆ ಬಂತು, ಮೂಕಿ ಸೌದೆಯಾಯಿತು.

"ಅಜ್ಜೀ, ಗಾಡಿ ಎಲ್ಲೋಯ್ತು?" ಎಂದಳು ಮೊಮ್ಮಗಳು. ಚಕ್ರ ತೋರಿಸಿದೆ. "ಅದು ಚಕ್ರ. ಗಾಡಿ ಎಲ್ಲಿ?"

ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ನನಗೆ ತಟ್ಟನೆ ಮಿಲಿಂದನ ಕಥೆ ನೆನಪಾಯಿತು. ಕ್ರಿಸ್ತಪೂರ್ವ 2ನೇ ಶತಮಾನದ ಈ ಗ್ರೀಕ್ ದೊರೆಗೆ ಬೌದ್ಧ ಭಿಕ್ಷು ನಾಗಸೇನ ಕೇಳಿದ್ದೂ ಇದನ್ನೇ: ಅಚ್ಚು ರಥವೇ? ಚಕ್ರ ರಥವೇ? ಎಲ್ಲ ಕೂಡಿದಾಗ ಇಟ್ಟ ಹೆಸರು ರಥ. ಮನುಷ್ಯನೂ ಹಾಗೆಯೇ; ರೂಪ, ವೇದನೆ ಎಂಬ ಅನುಭವ, ಸಂಜ್ಞೆ ಎಂಬ ಗ್ರಹಿಕೆ, ಸಂಸ್ಕಾರ, ವಿಜ್ಞಾನ ಎಂಬ ಅರಿವು, ಇವುಗಳ ಕೂಟ. ಬೌದ್ಧರ ಪ್ರಕಾರ ಒಳಗೆ ಬದಲಾಗದ 'ನಾನು' ಇಲ್ಲ, ಮೇಲೆ ಸೃಷ್ಟಿಕರ್ತನೂ ಇಲ್ಲ. ಆದರೂ ಮಾಡಿದ ಕರ್ಮ ಅಳಿಯದು. ದೀಪದಿಂದ ದೀಪ ಹತ್ತಿಕೊಂಡಂತೆ ಬಾಳು ಮುಂದುವರಿಯುತ್ತದೆ.

ಕಠೋಪನಿಷತ್ತಿನಲ್ಲೂ ರಥವಿದೆ. ಶರೀರ ರಥ, ಇಂದ್ರಿಯಗಳು ಕುದುರೆ, ಮನಸ್ಸು ಲಗಾಮು, ಬುದ್ಧಿ ಸಾರಥಿ. ಆದರೆ ಇಲ್ಲಿ ಒಡೆಯ ಕೂತಿದ್ದಾನೆ, ಅವನೇ ಆತ್ಮ. ಆ ಒಡೆಯನೂ ಬ್ರಹ್ಮವೂ ಒಂದೇ ಎಂದರು ಶಂಕರರು. ಜೀವ, ಜಗತ್ತು ಎರಡೂ ದೇವರ ಶರೀರ ಎಂದರು ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು. ದೇವರು, ಜೀವ, ಜಗತ್ತು ಎಂದೆಂದಿಗೂ ಬೇರೆ ಬೇರೆ ಎಂದರು ಉಡುಪಿಯ ಮಧ್ವರು.

ಇನ್ನು ಕ್ರೈಸ್ತರಿಗೆ ದೇವರು ಒಬ್ಬನೇ. ಆದರೆ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರು ವ್ಯಕ್ತಿಗಳು. ಹಾಗಾಗಿ ಲೋಕ ಹುಟ್ಟುವ ಮೊದಲೇ ದೇವರಲ್ಲಿ, ಆ ಮೂವರ ನಡುವೆ, ಪ್ರೀತಿಯಿತ್ತು. ಆ ಮಗ ಯೇಸುವಾಗಿ ಒಂದೇ ಒಂದು ಸಲ ಮನುಷ್ಯನಾದ. ಆತ ಪೂರ್ಣ ದೇವರು, ಪೂರ್ಣ ಮನುಷ್ಯ ಎಂದು 451ರ ಕ್ಯಾಲ್ಸಿಡನ್ ಸಭೆ ಸಾರಿತು. ಅವರ ಪಾಲಿಗೆ ಶರೀರ ಇಳಿದು ಹೋಗುವ ಗಾಡಿಯಲ್ಲ. ಸತ್ತವರನ್ನು ದೇವರು ಶರೀರ ಸಮೇತ ಎಬ್ಬಿಸುತ್ತಾನೆಂಬುದು ನಂಬಿಕೆ.

'ದೇವನೊಬ್ಬ, ನಾಮ ಹಲವು' ಎನ್ನುವವರ ಮನಸ್ಸು ಒಳ್ಳೆಯದೇ. ಆದರೆ ಸೃಷ್ಟಿಕರ್ತನೇ ಇಲ್ಲವೆನ್ನುವ ಬೌದ್ಧರನ್ನು ಆ ಮಾತಿನೊಳಗೆ ಎಲ್ಲಿ ಕೂರಿಸೋಣ? ಒಬ್ಬೊಬ್ಬರ ಉತ್ತರವನ್ನೂ ಪೂರ್ತಿ ಕೇಳಿಸಿಕೊಳ್ಳುವುದೇ ಅವರಿಗೆ ನಾವು ಕೊಡುವ ಮರ್ಯಾದೆ.

"ಹಂಗಾದ್ರೆ ತಾತ ಎಲ್ಲಿ?" ಮಗುವಿನ ಮುಂದಿನ ಪ್ರಶ್ನೆ.

ನಾನು ಮಾರಮ್ಮನಿಗೆ ಕೈಮುಗಿಯುವವಳು. ಯಜಮಾನರು ಇದ್ದೇ ಇದ್ದಾರೆಂದು ನಂಬಿದವಳು. ಅದನ್ನೇ ಹೇಳಿದೆ. ಬೇರೆಯವರು ಬೇರೆ ಥರ ಹೇಳ್ತಾರೆ ಅಂತಲೂ ಹೇಳಿದೆ.

ಎತ್ತಿನ ಹೆಗಲು ತಿಕ್ಕಿ ತಿಕ್ಕಿ ನುಣುಪಾದ ನೊಗವನ್ನು ಸವರುತ್ತಾ ಅವಳು ನನ್ನ ಪಕ್ಕ ಕೂತಳು.

"ಅವರೇನು ಹೇಳ್ತಾರೆ, ಅಜ್ಜಿ?"